ಗೇರ್ ಬಾಕ್ಸಿನ ಮೊದಲ ಆಷಾಢ

ನಮ್ಮೂರಿನಲ್ಲಿ ಒಂದು ಗಾಡಿಯ ಗೇರ್ ಬಾಕ್ಸನ್ನು ಇನ್ನೊಂದು ಗಾಡಿಗೆ ಹಾಕಬೇಕಾದರೆ ಮೊದಲು ಸಾಲಾವಳಿ ನೋಡಬೇಕು. ನೋಡುವವನು ನಾನು. ನಮ್ಮಪ್ಪ ಗಂಡು ಹೆಣ್ಣಿನ ಜಾತಕ ಕೂಡಿಸುತ್ತಿದ್ದವರು. ನನ್ನ ಕೈಗೆ ಪಂಚಾಂಗಕ್ಕಿಂತ ಪಾನಾ ಚೆನ್ನಾಗಿ ಒಗ್ಗಿತು. ಆದರೂ ಊರಿನವರು ಜೋಯಿಸ ಎನ್ನುವುದನ್ನು ಬಿಡಲಿಲ್ಲ. ಗೇರ್ ಜೋಯಿಸರ ಮನೆ ಎಂದರೆ ಯಾರು ಬೇಕಾದರೂ ತೋರಿಸುತ್ತಾರೆ. ಅಪ್ಪ ಕೂಡಿಸಿದ ಮದುವೆಗಳಲ್ಲಿ ಒಂದಷ್ಟು ಮುರಿದವು, ನಾನು ಕೂಡಿಸಿದವುಗಳಲ್ಲೂ ಒಂದಷ್ಟು ಮುರಿದಿವೆ. ವ್ಯತ್ಯಾಸ ಇಷ್ಟೇ, ನನ್ನವು ಮುರಿದರೆ ರಸ್ತೆ ತುಂಬ ಎಣ್ಣೆಯಾಗುತ್ತದೆ.

ಸಾಲಾವಳಿ ಎಂದರೆ ಬಾಯಿಮಾತಲ್ಲ. ಪೆಟ್ಟಿಗೆಯ ಬಾಯಿ ಎಂಜಿನ್ನಿಗೆ ಕೂಡುವ ಕಡೆ ಬೋಲ್ಟಿನ ತೂತುಗಳು ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಶಾಫ್ಟಿನ ಹಲ್ಲು ಕ್ಲಚ್ ಪ್ಲೇಟಿನ ಹಲ್ಲಿನೊಳಗೆ ತಕರಾರಿಲ್ಲದೆ ಜಾರಬೇಕು. ಒಂದು ಹಲ್ಲು ಹೆಚ್ಚು ಕಡಿಮೆಯಾದರೂ ಅಲ್ಲಿಗೆ ಮುಗಿಯಿತು. ಶಾಫ್ಟು ಉದ್ದವಾದರೆ ಎಂಜಿನ್ನಿಗೆ ತಿವಿಯುತ್ತದೆ, ಗಿಡ್ಡವಾದರೆ ಹಿಡಿಯುವುದೇ ಇಲ್ಲ. ಪೆಟ್ಟಿಗೆಯ ಕಾಲು ಚಾಸಿಯ ಮೇಲೆ ತನ್ನ ಜಾಗಕ್ಕೇ ಬರಬೇಕು. ಗೇರಿನ ಕೋಲು ಡ್ರೈವರನ ಕೈಗೆ ಸಿಗಬೇಕೇ ಹೊರತು ಪಕ್ಕದಲ್ಲಿ ಕೂತವರ ಮೊಣಕಾಲಿಗಲ್ಲ. ಇಷ್ಟೆಲ್ಲ ಕೂಡಿದ ಮೇಲೂ ಪೆಟ್ಟಿಗೆಯ ಓಟಕ್ಕೂ ಹಿಂದಿನ ಚಕ್ರದ ಓಟಕ್ಕೂ ಹೊಂದಿಕೆ ಇದೆಯೇ ನೋಡಬೇಕು. ಇಲ್ಲದಿದ್ದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ ಆಗುತ್ತದೆ. ಕೊನೆಯದಾಗಿ ಮನೆ ನೋಡಬೇಕು. ಹೊರಗಿನ ಊರುಗಳಲ್ಲಿ ಮೆಕ್ಯಾನಿಕ್ಕುಗಳು ಮನೆ ನೋಡುವುದಿಲ್ಲವಂತೆ. ಅಲ್ಲಿ ಆಷಾಢ ಬರುವುದಿಲ್ಲವೋ ಏನೋ.

ನಮ್ಮಲ್ಲಿ ಬೇರೆ ಗಾಡಿಗೆ ಹೋದ ಗೇರ್ ಬಾಕ್ಸು ಮೊದಲ ಆಷಾಢಕ್ಕೆ ತವರಿಗೆ ಹೋಗುತ್ತದೆ. ಆಷಾಢ ಹುಟ್ಟಿದ ಬೆಳಿಗ್ಗೆ ಗಾಡಿಯನ್ನು ಯಾವ ಕಡೆಗೆ ತಿರುಗಿಸಿದರೂ ಗೇರು ಬೀಳುವುದಿಲ್ಲ. ಪೆಟ್ಟಿಗೆ ಮೊದಲಿದ್ದ ಮನೆಯ ಕಡೆಗೆ ತಿರುಗಿಸಿದರೆ ಮಾತ್ರ ಬೀಳುತ್ತದೆ. ಆ ಮನೆಯ ಮುಂದೆ ಹೋಗಿ ಒಂದನೇ ಗೇರಿನಲ್ಲಿ ಬಿಗಿದುಕೊಂಡಿತೆಂದರೆ ಶ್ರಾವಣದವರೆಗೆ ಆನೆ ಕಟ್ಟಿ ಎಳೆದರೂ ಅಲ್ಲಾಡುವುದಿಲ್ಲ. ತವರಿನವರು ಚಕ್ರಕ್ಕೆ ನೀರು ಹಾಕಿ, ಬಾನೆಟ್ಟಿಗೆ ಅರಿಸಿನ ಕುಂಕುಮ ಇಟ್ಟು, ಕನ್ನಡಿಗೆ ಒಂದು ರವಿಕೆ ಕಣ ಕಟ್ಟಿ ಬರಮಾಡಿಕೊಳ್ಳಬೇಕು. ಅದಕ್ಕಿಂತ ಮುಖ್ಯವಾದದ್ದು, ಗಾಡಿ ತಮ್ಮ ಬಾಗಿಲಲ್ಲಿ ಇರುವಷ್ಟು ದಿನ ಅದು ಮಾಡುತ್ತಿದ್ದ ಕೆಲಸವನ್ನು ಅವರು ಮಾಡಿಕೊಡಬೇಕು. ‘ಗಾಡಿ ಕೆಲಸ ಏನು?’ ಎಂದು ಬಾಗಿಲಲ್ಲೇ ಕೇಳುವುದು ಪದ್ಧತಿ. ಒಂದು ವರ್ಷ ಹೆಣ ಸಾಗಿಸುವ ವ್ಯಾನು ಕಲ್ಯಾಣ ಮಂಟಪದವರ ಮನೆ ಮುಂದೆ ಹೋಗಿ ನಿಂತಿತು. ಆಷಾಢದಲ್ಲಿ ಮದುವೆ ಇಲ್ಲವಲ್ಲ, ಅವರಿಗೂ ಪುರುಸೊತ್ತಿತ್ತು. ಪಾತ್ರೆ ಸಾಗಿಸುವ ಟೆಂಪೋದಲ್ಲಿ ತಿಂಗಳಿಡೀ ಹೆಣ ಹೊತ್ತರು. ಶ್ರಾವಣದಲ್ಲಿ ಅದೇ ಟೆಂಪೋದಲ್ಲಿ ಹಪ್ಪಳ ಸಂಡಿಗೆ ಬಂದವು, ನಾವೆಲ್ಲ ತಿಂದೆವು.

ಇದಕ್ಕಾಗಿಯೇ ಸಾಲಾವಳಿಯಲ್ಲಿ ಕೊನೆಗೆ ಮನೆ ನೋಡುವುದು. ಎರಡು ಮನೆಗೂ ಮಾತುಕತೆ ಇದೆಯೇ ಎಂದು ನಾನೊಬ್ಬನೇ ನೋಡಿಕೊಳ್ಳಬೇಕು. ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಒಬ್ಬರ ಹೆಸರು ಇನ್ನೊಬ್ಬರಿಗೆ ಹೇಳುವಂತಿಲ್ಲ. ಹೇಳಿದರೆ ಅಜ್ಜನ ಕಾಲದ ಬೇಲಿ ಜಗಳವೆಲ್ಲ ಎದ್ದು ಬಂದು ಊರಿನಲ್ಲಿ ಒಂದು ಪೆಟ್ಟಿಗೆಯೂ ಕೈ ಬದಲಾಗುವುದಿಲ್ಲ. ಮಾತಿಲ್ಲದ ಮನೆಗಳಾದರೆ ‘ಸಾಲಾವಳಿ ಬರಲಿಲ್ಲ’ ಎಂದು ಎದ್ದು ಬಿಡುತ್ತೇನೆ. ಹಲ್ಲು ಕೂಡಲಿಲ್ಲವೋ ಮನೆ ಕೂಡಲಿಲ್ಲವೋ ಎಂದು ಯಾರೂ ಕೇಳುವುದಿಲ್ಲ.

ಮರಿದೇವ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಕಣಿವೆಯಾಚೆಯ ಊರಿಗೆ ವ್ಯಾನು ಓಡಿಸುವವನು, ಒಳ್ಳೆಯ ಕೈ, ಮಾತು ಕಡಿಮೆ. ಅವನ ಹೆಂಡತಿ ಪಂಕಜನಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಕಣಿವೆಯಾಚೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕು. ಶಾಲೆಯ ಮೇಷ್ಟ್ರುಗಳು, ಸಂತೆಗೆ ಹೋಗುವವರು, ಅವರ ನಡುವೆ ಕಿಟಕಿ ಪಕ್ಕ ಹೆಂಡತಿ, ಹೀಗೆ ಅವನ ಸಂಸಾರ ಆ ವ್ಯಾನಿನ ಮೇಲೆಯೇ ನಡೆಯುತ್ತಿತ್ತು. ಆ ವಾರ ಏರಿನಲ್ಲಿ ಗೇರ್ ಬಾಕ್ಸಿನ ಹಲ್ಲು ಮುರಿದು ಪೆಟ್ಟಿಗೆಯೇ ಬಿರಿದಿತ್ತು.

“ಜೋಯಿಸ್ರೆ, ಶುಕ್ರವಾರದೊಳಗೆ ಆಗ್ಬೇಕು,” ಎಂದ. “ಈ ಸಲ ಮೇಷ್ಟ್ರೊಬ್ರು ಕಾರಲ್ಲಿ ಕರ್ಕೊಂಡೋದ್ರು. ದಿನಾ ಯಾರನ್ನ ಕೇಳನ? ರಕ್ತ ತೊಳೀದೆ ಇದ್ರೆ ಅವ್ಳು ಊದ್ಕತಾಳೆ, ಉಸಿರು ಕಟ್ಟುತ್ತೆ. ಡಾಕ್ಟ್ರು ಒಂದೇ ಮಾತು ಹೇಳವ್ರೆ, ತಪ್ಪಿಸ್ಬೇಡಿ ಅಂತ.”

ಆ ವ್ಯಾನಿನ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿದೆ. ಹೊಸ ಪೆಟ್ಟಿಗೆಯ ಮಾತೇ ಇಲ್ಲ. ನಾನು ಅಮಾನುಲ್ಲಾ ಸಾಬರ ಗುಜರಿಗೆ ಹೋದೆ. ಅವರು ಬೀಡಿ ಆರಿಸಿ ನನ್ನನ್ನು ಹಿಂದಿನ ಶೆಡ್ಡಿಗೆ ಕರೆದುಕೊಂಡು ಹೋದರು. “ಈ ಮಾಡಲ್ಲು ಮೂರ್ನಾಲ್ಕು ಇದಾವೆ ಜೋಯಿಸ್ರೆ. ಎಲ್ಲಾ ಬಯಲಲ್ಲಿ ಓಡಿದ್ದು, ಕಣಿವೆ ಹತ್ತಲ್ಲ. ಹತ್ತೋದು ಅಂದ್ರೆ ಇದೊಂದೇ. ಇದು ಯಾರ ಮನೇದು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಸುಮ್ನೆ ಮುಟ್ಟಬೇಡಿ.”

ಮುಟ್ಟಿದೆ. ಮರಿದೇವನ ವ್ಯಾನಿನ ಅಳತೆ ಹಿಡಿದು ನೋಡಿದರೆ ತೂತುಗಳು ಕೂತವು. ಹಲ್ಲುಗಳು ಜಾರಿದವು. ಉದ್ದ, ಕಾಲು, ಕೋಲು, ಓಟ, ಯಾವುದರಲ್ಲೂ ಕೊಂಕು ತೆಗೆಯುವಂತಿರಲಿಲ್ಲ. ಇಷ್ಟು ಚೆನ್ನಾಗಿ ಕೂಡುವ ಪೆಟ್ಟಿಗೆ ನನ್ನ ಕೈಗೆ ಅಪರೂಪಕ್ಕೆ ಸಿಕ್ಕಿದೆ. ಆದರೆ ಅದು ಇಟ್ಟಿಗೆ ಗೂಡಿನ ಬೆಟ್ಟಸ್ವಾಮಿಯ ಹಳೆಯ ವ್ಯಾನಿನದು, ಮತ್ತು ಬೆಟ್ಟಸ್ವಾಮಿ ಪಂಕಜನ ಅಣ್ಣ. ಅವಳು ಮರಿದೇವನನ್ನು ಕಟ್ಟಿಕೊಂಡ ದಿನ ಆ ಬಾಗಿಲು ಮುಚ್ಚಿತು. ಜಾತಿ ಬೇರೆ, ಅಷ್ಟೇ ಕಾರಣ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುತ್ತಾರೆ. ಇವಳನ್ನು ಯಾರೂ ಕೊಡಲೂ ಇಲ್ಲ, ತಾನೇ ಹೋದಳು, ಹಾಗಾಗಿ ಇನ್ನೂ ಹೊರಗು. ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಲಿಲ್ಲ. ತಾಯಿ ತೀರಿಕೊಂಡಾಗ ಅವಳು ಬೀದಿಯಲ್ಲಿ ನಿಂತು ನೋಡಿ ಹಿಂದಕ್ಕೆ ಹೋದಳು. ನಾನೂ ಅಲ್ಲಿದ್ದೆ. ನನಗೆ ಆ ದಿನ ಬೆಟ್ಟಸ್ವಾಮಿಯ ಮೇಲೆ ಬಹಳ ಸಿಟ್ಟು ಬಂದಿತ್ತು.

ಲೆಕ್ಕದ ಪ್ರಕಾರ ಮನೆ ಕೂಡಲಿಲ್ಲ. ಅಪ್ಪನಾಗಿದ್ದರೆ ದೋಷಕ್ಕೊಂದು ಶಾಂತಿ ಮಾಡಿಸಿ ದಾರಿ ಹುಡುಕುತ್ತಿದ್ದರು. ಗೇರ್ ಬಾಕ್ಸಿಗೆ ಶಾಂತಿ ಮಾಡಿಸಿದವರಿಲ್ಲ. ಬರಲಿಲ್ಲ ಎಂದು ಹೇಳಿದರೆ ಪೆಟ್ಟಿಗೆ ಗುಜರಿಯಲ್ಲಿ, ಪಂಕಜ ಮನೆಯಲ್ಲಿ. ಶುಕ್ರವಾರ ಮಾತ್ರ ಯಾರಿಗೂ ಕಾಯದೆ ಬರುತ್ತದೆ. ಸಾಲಾವಳಿ ಬಂತು ಎಂದೆ. ಅಮಾನುಲ್ಲಾ ಸಾಬರು ನನ್ನ ಮುಖ ನೋಡಿ ಆರಿದ ಬೀಡಿಯನ್ನು ಮತ್ತೆ ಹಚ್ಚಿಕೊಂಡರು.

ಗುಜರಿಗೆ ಮಾರಿದ್ದರೂ ತವರಿನವರ ಒಪ್ಪಿಗೆ ಬೇಕು. ಗುಜರಿ ಎಂದರೆ ನಡುವೆ ತಂಗುವ ಜಾಗ ಮಾತ್ರ. ಬೆಟ್ಟಸ್ವಾಮಿ ಗೂಡಿನ ಹತ್ತಿರ ಹಸಿ ಇಟ್ಟಿಗೆ ತಿರುವಿ ಹಾಕಿಸುತ್ತಿದ್ದ. ದಪ್ಪ ಕುತ್ತಿಗೆಯ, ನಗುವುದಕ್ಕೂ ಲೆಕ್ಕ ಹಾಕುವ ಮನುಷ್ಯ. ನನ್ನನ್ನು ಮನೆಗೆ ಕರೆದುಕೊಂಡು ಹೋಗಿ ಜಗುಲಿಯ ಮೇಲೆ ಕೂರಿಸಿದ.

“ಯಾರ ಮನೆ ಅಂತ ನಾನು ಕೇಳಂಗಿಲ್ಲ. ಒಳ್ಳೆ ಮನೇನಾ?”

“ಒಳ್ಳೆ ಮನೆ,” ಎಂದೆ.

“ಕುಡುಕ್ರು ಗಿಡುಕ್ರು ಅಲ್ವಲ್ಲ? ಆ ಪೆಟ್ಟಿಗೇನ ನಾನು ಚೆನ್ನಾಗಿ ಮಡಗಿದ್ದೆ. ಗೇರ್ ಕಿತ್ತಾಕೋರಿಗೆ ಕೊಡಕ್ಕೆ ನಂಗೆ ಮನಸಿಲ್ಲ.”

“ಅವನ ಕೈ ನಿಮ್ಮ ಕೈಗಿಂತ ಮೆತ್ತಗೆ,” ಎಂದೆ. ಅದಕ್ಕೆ ನಕ್ಕ. ಒಳಗಿನಿಂದ ಅವನ ಹೆಂಡತಿ ಕೆಂಪಾಜಮ್ಮ ತಟ್ಟೆಯಲ್ಲಿ ಎಲೆ ಅಡಿಕೆ ತಂದಳು. ಕಣಿವೆ ಹತ್ತುವ ವ್ಯಾನು ಊರಿನಲ್ಲಿ ಎಷ್ಟಿವೆ, ಈಗ ಕೆಟ್ಟು ನಿಂತಿರುವುದು ಯಾರದು ಎಂದು ಅವಳಿಗೆ ಗೊತ್ತಿಲ್ಲದೆ ಏನು? ತಟ್ಟೆಯನ್ನು ಗಂಡನ ಕೈಗೆ ಕೊಡುವ ಮೊದಲು ನನ್ನನ್ನು ಒಂದು ಸಲ ನೋಡಿದಳು. “ಕೊಟ್ಟ ಮೇಲೆ ಹಿಂದಕ್ಕೆ ತಗೊಳಂಗಿಲ್ಲ, ತಿಳ್ಕಂಡ್ ಕೊಡಿ,” ಎಂದಳು ಗಂಡನಿಗೆ. “ನಂಗೆ ಹೇಳ್ಕೊಡ್ತಾಳೆ ಇವ್ಳು,” ಎಂದು ಅವನು ತಾಂಬೂಲ ನನ್ನ ಕೈಗೆ ಹಾಕಿದ.

ಗುರುವಾರ ಸಂಜೆ ಪೆಟ್ಟಿಗೆ ಕೂತಿತು. ಓಡಿಸಿ ನೋಡಲು ಹೊರಟಾಗ ಪಂಕಜನೂ ಹತ್ತಿದಳು. ಮನೆಯಲ್ಲಿ ಕೂತು ಕೂತು ಬೇಜಾರಾಗಿದೆ ಎಂದಳು. ಮುಖ ಬಾತಿತ್ತು, ಕಾಲಿಗೆ ಚಪ್ಪಲಿ ಹಿಡಿಯುತ್ತಿರಲಿಲ್ಲ. ಊರ ಹೊರಗಿನ ನೇರ ರಸ್ತೆಯಲ್ಲಿ ಮರಿದೇವ ಮೂರನೇ ಗೇರು ಹಾಕಿದ. ಆ ಪೆಟ್ಟಿಗೆಗೆ ಮೂರನೇ ಗೇರಿನಲ್ಲಿ ಸಣ್ಣಗೆ ರಾಗ ಎಳೆಯುವ ಅಭ್ಯಾಸವಿತ್ತು, ತೊಂದರೆಯೇನಿಲ್ಲ, ಕೆಲವದಕ್ಕೆ ಇರುತ್ತದೆ. ಪಂಕಜ ಸೀಟಿನ ಕಂಬಿ ಹಿಡಿದುಕೊಂಡಳು.

“ಇದು ನಮ್ಮಣ್ಣನ ಗಾಡೀದು,” ಎಂದಳು. “ನಾನು ಗೂಡಿನ ಬಯಲಲ್ಲಿ ಇದ್ರಲ್ಲೇ ಡ್ರೈವಿಂಗ್ ಕಲ್ತಿದ್ದು. ಪಕ್ಕದಲ್ಲಿ ಅವ್ನೇ ಕೂತಿರ್ತಿದ್ದ. ಮೂರಕ್ಕೆ ಬಂದ್ರೆ ಹಿಂಗೇ ಅಳೋದು.”

ಮರಿದೇವ ಗಾಡಿ ನಿಲ್ಲಿಸಿ ನನ್ನ ಕಡೆ ತಿರುಗಿದ. ನಾನು ಕಿಟಕಿಯಾಚೆ ನೋಡಿದೆ. ಹೆಸರು ಹೇಳುವಂತಿಲ್ಲ, ಆದರೆ ಸುಮ್ಮನಿದ್ದರೆ ಹೇಳಿದ ಹಾಗೇ ಆಗುತ್ತದೆ.

“ಬಿಚ್ಚಿ ಹಾಕಿ ಜೋಯಿಸ್ರೆ,” ಎಂದ.

“ಬಿಚ್ಚಿದ್ರೆ ನಾಳೆಗೇನ್ ಮಾಡ್ತೀಯ?” ಎಂದು ಕೇಳಿದಳು ಪಂಕಜ.

“ಆಷಾಢಕ್ಕೇನ್ ಮಾಡನ, ಅದನ್ ಹೇಳು. ಗಾಡಿ ಹೋಗಿ ಅವನ ಬಾಗ್ಲಲ್ಲಿ ನಿಲ್ಲುತ್ತೆ. ಅವನು ಗೇಟ್ ಹಾಕ್ಕತಾನೆ. ಊರಿನ ಅರ್ಧ ಗಾಡಿ ಆಗ ತವರಲ್ಲಿರ್ತವೆ, ಬಾಡಿಗೆಗೆ ಒಂದೂ ಸಿಗಲ್ಲ. ಒಂದು ತಿಂಗಳು ನಿನ್ನ ಯಾರು ಕರ್ಕೊಂಡೋಗಿ ಬತ್ತಾರೆ? ಒಂದು ವಾರ ತಪ್ಪಿದ್ರೆ ಏನಾಯ್ತದೆ ಅಂತ ಡಾಕ್ಟ್ರು ನಿನ್ನ ಮುಂದೇನೇ ಹೇಳ್ಲಿಲ್ವಾ?”

“ಹೇಳವ್ರೆ. ನಾಳೆ ತಪ್ಪಿದ್ರೂ ಅದೇ ಆಯ್ತದೆ. ಆಷಾಢ ಇನ್ನೂ ದೂರ ಐತೆ, ಅಲ್ಲೀಗಂಟ ಬದುಕ್ತೀನಿ ಬಿಡು,” ಎಂದಳು. ಅವನು ಗಾಡಿ ತಿರುಗಿಸಿಕೊಂಡು ಎರಡನೇ ಗೇರಿನಲ್ಲೇ ಊರಿಗೆ ಬಂದ.

ಮಾಘ, ಫಾಲ್ಗುಣ ಕಳೆದು ಯುಗಾದಿ ಆಯಿತು. ವ್ಯಾನು ಕಣಿವೆ ಹತ್ತಿ ಇಳಿಯುತ್ತಿತ್ತು. ಮರಿದೇವ ಎಲ್ಲಿ ಸಿಕ್ಕಿದರೂ ಬೇರೆ ಪೆಟ್ಟಿಗೆ ಬಂದಿದೆಯೇ ಎಂದು ಕೇಳುತ್ತಿದ್ದ. ಬಂದಿರಲಿಲ್ಲ. ಜ್ಯೇಷ್ಠದ ಹೊತ್ತಿಗೆ ಅವನು ಕೇಳುವುದನ್ನು ನಿಲ್ಲಿಸಿದ. ಆಷಾಢಕ್ಕೆ ಬಾಡಿಗೆ ಗಾಡಿಗಾಗಿ ಎಲ್ಲರ ಮನೆ ತಿರುಗಿದನೆಂದೂ, ಎಲ್ಲರೂ ನೋಡೋಣ ಎಂದರೆಂದೂ ಕೇಳಿದೆ. ನೋಡೋಣ ಎಂದರೆ ಏನೆಂದು ಎಲ್ಲರಿಗೂ ಗೊತ್ತಿದೆ.

ಆಷಾಢ ಹುಟ್ಟಿದ ಬೆಳಿಗ್ಗೆ ನಾನು ಅವರ ಮನೆಗೆ ಹೋದೆ. ಪೆಟ್ಟಿಗೆ ತವರಿಗೆ ಹೋಗುವಾಗ ಸಾಲಾವಳಿ ನೋಡಿದವನು ಜೊತೆಗಿರಬೇಕು. ಪಂಕಜ ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದಳು, ತಲೆಗೆ ಹೂ ಮುಡಿದು, ರೇಷ್ಮೆಯಲ್ಲದಿದ್ದರೂ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು. “ನೀನ್ ಯಾಕೆ ಬತ್ತೀಯ, ಬೀದೀಲಿ ಅವಮಾನ ಮಾಡುಸ್ಕಳಕ್ಕ?” ಎಂದು ಮರಿದೇವ ಗೊಣಗುತ್ತಿದ್ದ. “ಗೇರ್ ಬಾಕ್ಸಿಗೇ ತವ್ರಿಂದ ಕರೆ ಬಂದದೆ, ಅದ್ರ ಜೊತೇಲಿ ನಾನೂ ಒಂದು ಸಲ ನೋಡ್ಕಂಡ್ ಬತ್ತೀನಿ,” ಎಂದಳು ಅವಳು. ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಗೇರು ಇಟ್ಟಿಗೆ ಗೂಡಿನ ದಾರಿಗೆ ಮಾತ್ರ ಬಿತ್ತು. ಬೆಟ್ಟಸ್ವಾಮಿಯ ಗೇಟು ತೆರೆದಿತ್ತು. ಯಾರದೋ ಗಾಡಿ ಬರುತ್ತದೆ ಎಂದು ಅಂಗಳ ಗುಡಿಸಿ, ರಂಗೋಲಿ ಹಾಕಿ, ಅವನೇ ಬಿಂದಿಗೆ ಹಿಡಿದು ನಿಂತಿದ್ದ. ಪಕ್ಕದಲ್ಲಿ ಕೆಂಪಾಜಮ್ಮ ಅರಿಸಿನ ಕುಂಕುಮದ ಬಟ್ಟಲು ಹಿಡಿದಿದ್ದಳು. ವ್ಯಾನು ಅಂಗಳದ ನಡುವೆ ಬಂದು, ರಂಗೋಲಿಯ ಮೇಲೆ ಚಕ್ರ ಹತ್ತಿಸಿ, ಒಂದನೇ ಗೇರಿನಲ್ಲಿ ಕಟ್ ಎಂದು ಬಿಗಿದುಕೊಂಡಿತು. ಮರಿದೇವ ಇಳಿದ. ಬೆಟ್ಟಸ್ವಾಮಿ ಅವನನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಆ ನೋಟವನ್ನು ನಾನು ಯಾವ ಶತ್ರುವಿಗೂ ಬಯಸುವುದಿಲ್ಲ. ಬಿಂದಿಗೆಯನ್ನು ಕೆಳಗಿಡುತ್ತಾನೆ ಎಂದುಕೊಂಡೆ.

“ನೀರು ಹಾಕಿ,” ಎಂದಳು ಕೆಂಪಾಜಮ್ಮ. “ತಾಂಬೂಲ ಕೊಟ್ಟೋರು ನೀವೇ. ಬಾಗ್ಲಿಗೆ ಬಂದದ್ದನ್ನ ಒಣಗಿದ ಕಾಲಲ್ಲಿ ನಿಲ್ಲಿಸ್ಬೇಡಿ.”

ಅವನು ಚಕ್ರಗಳಿಗೆಲ್ಲ ನೀರು ಹಾಕಿದ. ಗಾಡಿಯನ್ನು ಸುತ್ತುವಾಗ ಕಿಟಕಿಯ ಕಡೆ ತಲೆ ಎತ್ತಲಿಲ್ಲ. ಕೆಂಪಾಜಮ್ಮ ಬಾನೆಟ್ಟಿಗೆ ಕುಂಕುಮ ಇಟ್ಟು, ಕಣ ಕಟ್ಟಿ, ಹಿಂದಿನ ಕಿಟಕಿಯೊಳಕ್ಕೆ ಕೈ ಹಾಕಿ ಅಲ್ಲಿ ಕೂತಿದ್ದವಳ ಹಣೆಗೂ ಇಟ್ಟಳು. ಬೆಟ್ಟಸ್ವಾಮಿ ನನ್ನ ಮುಂದೆ ಬಂದು ನಿಂತು, ಪದ್ಧತಿ ಬಿಡುವಂತಿಲ್ಲವಲ್ಲ, ಕೇಳಿದ.

“ಗಾಡಿ ಕೆಲಸ ಏನು?”

“ಕಣಿವೆಯಾಚೆಗೆ ಜನ ಸಾಗಿಸೋದು. ಅದರ ಜೊತೆಗೆ ಮಂಗಳವಾರ, ಶುಕ್ರವಾರ ಒಬ್ಬ ಪೇಷೆಂಟನ್ನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರೋದು,” ಎಂದೆ.

“ಪೇಷೆಂಟ್ ಯಾರು?”

“ನಾನು,” ಎಂದಳು ಪಂಕಜ ಗಾಡಿಯೊಳಗಿನಿಂದ.

ಆಗ ತಲೆ ಎತ್ತಿ ನೋಡಿದ. ತಂಗಿಯ ಮುಖ ಅವನಿಗೆ ಗುರುತು ಸಿಗುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟು ಊದಿ, ಅಷ್ಟು ಕಪ್ಪಾಗಿತ್ತು. ಊರಿಗೆಲ್ಲ ಗೊತ್ತಿದ್ದ ಸಂಗತಿ ಅವನ ಕಿವಿಗೆ ಬಿದ್ದಿರಲಿಲ್ಲ. ಅವಳ ಹೆಸರು ತನ್ನ ಮುಂದೆ ಎತ್ತಬಾರದು ಎಂದು ಎಲ್ಲರ ಬಾಯಿ ಮುಚ್ಚಿಸಿದವನು ಅವನೇ. “ಏನಾಗೈತೆ?” ಎಂದು ಅವಳನ್ನಲ್ಲ, ನನ್ನನ್ನು ಕೇಳಿದ. ನಾನು ಹೇಳಿದೆ. ಖಾಲಿ ಬಿಂದಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ.

“ಎಷ್ಟೊತ್ತಿಗೆ ಹೊರಡ್ಬೇಕು ಕೇಳಿ,” ಎಂದ.

“ಬೆಳಿಗ್ಗೆ ಆರಕ್ಕೆ,” ಎಂದಳು ಪಂಕಜ.

“ಆರಕ್ಕೆ ಅವರ ಬೀದಿ ಮೂಲೇಲಿ ನನ್ನ ಕಾರು ನಿಂತಿರ್ತದೆ ಅಂತ ಹೇಳಿ. ಅವರ ಮನೆ ತಾವ ನಾನು ಬರಕ್ಕಿಲ್ಲ.”

ಹಾಗೇ ನಡೆಯಿತು. ಉಳಿದ ಜನರನ್ನು ಗೂಡಿನ ಟೆಂಪೋ ಸಾಗಿಸಿತು. ಮಂಗಳವಾರ, ಶುಕ್ರವಾರ ಬೀದಿ ಮೂಲೆಯಲ್ಲಿ ಕಾರು ಹಾರ್ನ್ ಮಾಡುತ್ತಿತ್ತು, ಮರಿದೇವ ಹೆಂಡತಿಯ ತೋಳು ಹಿಡಿದು ಅಲ್ಲಿವರೆಗೆ ನಡೆಸಿಕೊಂಡು ಹೋಗುತ್ತಿದ್ದ, ಹಿಂದಿನ ಬಾಗಿಲು ತೆರೆದು ಕೂರಿಸಿ ಬರುತ್ತಿದ್ದ. ಗಂಡಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ದಾರಿಯುದ್ದಕ್ಕೂ ಮಾತಿಲ್ಲ ಎಂದು ಪಂಕಜ ನನ್ನ ಹೆಂಡತಿಗೆ ಹೇಳಿದಳಂತೆ. ಎರಡನೆಯ ವಾರ ವಾಪಸು ಬರುವಾಗ ಅಣ್ಣ ಕಾರು ನಿಲ್ಲಿಸಿ ಎಳನೀರು ಕೆತ್ತಿಸಿಕೊಂಡು ಬಂದು ಕಿಟಕಿಯಲ್ಲಿ ಹಿಡಿದನಂತೆ. ಸುಸ್ತಾದವರಿಗೆ ಎಳನೀರಿಗಿಂತ ಒಳ್ಳೆಯದೇನಿದೆ ಎಂದು ಅವನು ತಿಳಿದಿದ್ದ. “ಎಳನೀರು ನನಗೆ ವಿಷ ಕಣಣ್ಣ, ಎದೆ ನಿಂತೋಯ್ತದೆ,” ಎಂದಳಂತೆ. ಅವನು ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡ, ಎಳನೀರು ಅವನ ಪಂಚೆಯ ಮೇಲೆಲ್ಲ ಚೆಲ್ಲಿತು. ಮುಂದಿನ ಸಲ ಆಸ್ಪತ್ರೆಯಲ್ಲಿ ಕಾರಿನಲ್ಲೇ ಕೂರದೆ ಒಳಗೆ ಹೋಗಿ, ಇವಳು ಏನು ತಿನ್ನಬಹುದು, ಏನು ತಿನ್ನಬಾರದು ಎಂದು ನರ್ಸಮ್ಮನನ್ನು ಕೇಳಿ ಕೇಳಿ ಅವರ ತಲೆ ತಿಂದ. ಅಲ್ಲಿಂದಾಚೆಗೆ ಕೆಂಪಾಜಮ್ಮ ತರಕಾರಿ ಬೇಯಿಸಿ, ನೀರು ಬಸಿದು, ಮತ್ತೆ ಬೇಯಿಸಿ, ಮತ್ತೆ ಬಸಿದು, ಉಪ್ಪಿಲ್ಲದ ಪಲ್ಯವನ್ನು ಡಬ್ಬಿಗೆ ತುಂಬಿ ಕಾರಿನಲ್ಲಿಟ್ಟು ಕಳಿಸತೊಡಗಿದಳು. ಅದರಲ್ಲಿ ಏನೂ ರುಚಿ ಇರುವುದಿಲ್ಲ ಎಂದು ಪಂಕಜ ಹೇಳಿ, ಆದರೂ ಮುಗಿಸುತ್ತೇನೆ ಎಂದಳಂತೆ.

ಭೀಮನ ಅಮಾವಾಸ್ಯೆ ಕಳೆದು ಶ್ರಾವಣ ಬಂತು. ಬಿಗಿ ಬಿಟ್ಟಿದೆ ಎಂದು ಸಾಲಾವಳಿ ನೋಡಿದವನು ಕೈಯಿಟ್ಟು ಹೇಳಿದ ಮೇಲೆಯೇ ಗಾಡಿ ಮನೆಗೆ ಹೊರಡಬೇಕು. ಎರಡನೆಯ ಆಷಾಢಕ್ಕೆ ಪೆಟ್ಟಿಗೆ ತವರನ್ನು ನೆನೆಯುವುದಿಲ್ಲ, ಅಲ್ಲಿಗೆ ಎರಡು ಮನೆಯ ಋಣ ಮುಗಿದ ಹಾಗೆ. ನಾನೂ ಮರಿದೇವನೂ ಬೆಳಿಗ್ಗೆಯೇ ಹೋದೆವು. ನಾಳೆ ಮಂಗಳವಾರ, ಇನ್ನು ತನ್ನ ಹೆಂಡತಿಯನ್ನು ತಾನೇ ಕರೆದುಕೊಂಡು ಹೋಗುತ್ತೇನೆ, ಯಾರ ಹಂಗೂ ಬೇಡ ಎಂದು ಅವನು ದಾರಿಯಲ್ಲಿ ಹೇಳಿದ. ಸ್ವಲ್ಪ ದೂರ ನಡೆದ ಮೇಲೆ, “ಆದ್ರೂ ಡಬ್ಬಿ ಬರಕ್ಕಿಲ್ಲ ಅಂತ ಅವ್ಳಿಗೆ ಬೇಜಾರಾಯ್ತದೆ,” ಎಂದ.

ನಾವು ಹೋದಾಗ ಬೆಟ್ಟಸ್ವಾಮಿ ವ್ಯಾನಿನ ಡ್ರೈವರ್ ಸೀಟಿನಲ್ಲಿ ಕೂತಿದ್ದ. ಯಾವಾಗಿನಿಂದ ಕೂತಿದ್ದನೋ ಗೊತ್ತಿಲ್ಲ. ನಮ್ಮನ್ನು ನೋಡಿ ಇಳಿದು, “ಹಿಡ್ದು ನೋಡಿ ಜೋಯಿಸ್ರೆ, ಇನ್ನೂ ಬಿಗಿ ಐತೆ,” ಎಂದ.

ಹತ್ತಿ ಕೂತು ಕ್ಲಚ್ ಒತ್ತಿದೆ. ಕೋಲು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಒಂದು, ಎರಡು, ಮೂರು, ಎಲ್ಲ ಕಡೆಗೂ ಹೋಯಿತು. ತಲೆ ಎತ್ತಿ ನೋಡಿದೆ. ಬೆಟ್ಟಸ್ವಾಮಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. “ಬಿಗಿ ಐತಲ್ವಾ?” ಎಂದು ಗೋಡೆಯನ್ನೇ ಕೇಳಿದ. ನಾನು ಕೋಲನ್ನು ಮೆಲ್ಲಗೆ ಒಂದನೇ ಗೇರಿಗೆ ತಂದು ಬಿಟ್ಟೆ.

“ಇನ್ನೂ ಬಿಟ್ಟಿಲ್ಲ,” ಎಂದೆ.

ಮರಿದೇವ ವ್ಯಾನು ಓಡಿಸಿಯೇ ಬದುಕಿದವನು. ಗೇರು ಬಿದ್ದ ಸದ್ದು ಅವನಿಗೆ ಕೇಳಿಸಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನನ್ನನ್ನೂ ನೋಡಿದ, ಬೆಟ್ಟಸ್ವಾಮಿಯ ಬೆನ್ನನ್ನೂ ನೋಡಿದ. “ಇರ್ಲಿ ಬಿಡಿ, ಬಲವಂತ ಮಾಡಿದ್ರೆ ಹಲ್ಲು ಹೋಯ್ತದೆ,” ಎಂದ.

ಬೆಟ್ಟಸ್ವಾಮಿ ಗೋಡೆಯಿಂದ ಈ ಕಡೆ ತಿರುಗಿದ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಮರಿದೇವನ ಮುಖ ನೋಡಿ ಮಾತಾಡಿದ.

“ನಾಳೆ ಆರಕ್ಕೆ ಬತ್ತೀನಿ. ಅವಳ್ನ ಮೂಲೇಗಂಟ ನಡೆಸ್ಬೇಡಿ. ಬಾಗ್ಲಿಗೇ ಬತ್ತೀನಿ.”